ಕಾನ್ವೆಂಟ್ ಅನ್ನೋ ಹೆಸರು ನಮ್ಮ ಕಡೆಗೆ ಬಂದಿದ್ದು

ನಮ್ಮ ಕಡೆ ಇಂಗ್ಲಿಷ್ ಮೀಡಿಯಂ ಇಸ್ಕೂಲು ಯಾವ್ದೇ ಇರ್ಲಿ, ಅದು ಕಾನ್ವೆಂಟೇ. ಬೋರ್ಡಿನ ಮೇಲೆ ವೆಂಕಟೇಶ್ವರನ ಹೆಸರಿರ್ಲಿ, ಸರಸ್ವತಿ ಹೆಸರಿರ್ಲಿ, "ಮಗೂನ ಎಲ್ಲಿಗೆ ಹಾಕಿದ್ರಿ?" ಅಂದ್ರೆ "ಕಾನ್ವೆಂಟಿಗೆ" ಅಂತಾನೇ ಉತ್ತರ. ಶಿಡ್ಲಘಟ್ಟದಲ್ಲಿ ಗೂಡು ಮಾರಿ ಬಂದ ದುಡ್ಡಲ್ಲಿ ಮೊದ್ಲು ಎತ್ತಿಡೋದು ಕಾನ್ವೆಂಟ್ ಫೀಸು. ನಿಜವಾಗಿ ಕಾನ್ವೆಂಟ್ ಅಂದ್ರೆ ಕಥೋಲಿಕ್ ಸನ್ಯಾಸಿನಿಯರು, ನಾವು ಸಿಸ್ಟರ್ ಅಂತೀವಲ್ಲ ಅವ್ರು, ವಾಸ ಮಾಡೋ ಮಠ. ಮಠದ ಹೆಸರು ಪಕ್ಕದ ಇಸ್ಕೂಲಿಗೆ ಅಂಟ್ಕೊಂತು. ಆಮೇಲೆ ಸಿಸ್ಟರೇ ಇಲ್ಲದ ಇಸ್ಕೂಲುಗಳೂ ಆ ಹೆಸರು ಇಟ್ಕೊಂಡ್ವು.

ಕಥೋಲಿಕ್ ಪಾದ್ರಿಗಳು ನಮ್ಮ ಸೀಮೆಗೆ ಬಂದಿದ್ದು ಬ್ರಿಟಿಷರ ಜೊತೆ ಅಂತ ತುಂಬಾ ಜನ ಅನ್ಕೊಂಡವ್ರೆ. ಅದಕ್ಕೂ ಮುಂಚೆ, 18ನೇ ಶತಮಾನದ ಶುರುವಿನಲ್ಲೇ ಫ್ರೆಂಚ್ ಜೆಸುಯಿಟ್ ಪಾದ್ರಿಗಳು ಚಿಕ್ಕಬಳ್ಳಾಪುರದಿಂದ ತಮ್ಮ ದೇಶಕ್ಕೆ ಕಾಗದ ಬರೀತಿದ್ರು. ಇಲ್ಲಿನ ಸನ್ಯಾಸಿಗಳ ಥರಾನೇ ಬಟ್ಟೆ ತೊಟ್ಟು, ಮಾಂಸ ಬಿಟ್ಟು ಇದ್ದೋರು ಅವ್ರು. ಕಾಗದದಲ್ಲಿ ಊರಿನ ಹೆಸರು ಚಿಕ್ಕಬಳ್ಳಾಪುರ ಅಂತಿಲ್ಲ, ಚಿನ್ನಬಳ್ಳಾಪುರ ಅಂತೈತೆ! ತೆಲುಗಿನ "ಚಿನ್ನ". ಆಗ್ಲೂ ನಮ್ಮೋರು ಮನೇಲಿ ಒಂದು, ಬೀದೀಲಿ ಒಂದು ಭಾಷೆ ಆಡ್ತಿದ್ರು ಅಂತ ಕಾಣ್ಸುತ್ತೆ.

1773ರಲ್ಲಿ ಪೋಪರು ಜೆಸುಯಿಟ್ ಸಂಘವನ್ನೇ ಮುಚ್ಚಿದ್ರು. ಅವ್ರ ಜಾಗಕ್ಕೆ ಪ್ಯಾರಿಸ್ಸಿನ ಇನ್ನೊಂದು ಮಿಷನ್ನಿನ ಪಾದ್ರಿಗಳು ಬಂದ್ರು. ಮೈಸೂರು ಸೀಮೆಗೆ ಬಿಷಪ್ ಆಗಿದ್ದ ಶಾರ್ಬೊನೋ ಅನ್ನೋರು 1854ರಲ್ಲಿ ಗುಡ್ ಶೆಫರ್ಡ್ ಸಿಸ್ಟರುಗಳನ್ನ ಬೆಂಗಳೂರಿಗೆ ಕರೆಸಿದ್ರು. ಈಗಿನ ಸೇಕ್ರೆಡ್ ಹಾರ್ಟ್ ಹೆಣ್ಮಕ್ಳ ಶಾಲೆ ಬೆಳೆದಿದ್ದು ಅವ್ರಿಂದಲೇ. ಹತ್ರದಲ್ಲಿ ದಂಡು ಪ್ರದೇಶ, ಅಲ್ಲಿ ಯೂರೋಪಿಯನ್, ಆಂಗ್ಲೋ-ಇಂಡಿಯನ್ ಸಂಸಾರಗಳು. ಹಂಗಾಗಿ ಇಂಗ್ಲಿಷ್ ಸಹಜವಾಗೇ ನಡೀತು. ಆದ್ರೆ ಅದೇ ಬಿಷಪ್ಪರ ಕಾಲದಲ್ಲೇ, 1861ರಲ್ಲಿ, ಬೆಂಗಳೂರಲ್ಲಿ ಲ್ಯಾಟಿನ್-ಕನ್ನಡ ನಿಘಂಟು ಅಚ್ಚಾಯ್ತು. ಅಂದ್ರೆ ಪಾದ್ರಿಗಳಿಗೆ ಕನ್ನಡ ಬ್ಯಾಡವಾಗಿರಲಿಲ್ಲ. ಕಾನ್ವೆಂಟ್ ಅಂದ್ರೆ ಇಂಗ್ಲಿಷೇ ಅಂತ ಗಟ್ಟಿ ಮಾಡಿದ್ರಲ್ಲಿ ನಮ್ಮ ಆಸೆಯ ಪಾಲೂ ದೊಡ್ಡದೈತೆ ಅಂತ ನಾನಂತೀನಿ.

1882ರಲ್ಲಿ ಸೇಂಟ್ ಜೋಸೆಫ್ಸ್ ಕಾಲೇಜು ಶುರುವಾಯ್ತು, 1937ರಲ್ಲಿ ಮತ್ತೆ ಜೆಸುಯಿಟರ ಕೈಗೆ ಬಂತು. ಹಿಂದೆ ಆ ಸಂಸ್ಥೇಲಿ ಯೂರೋಪಿಯನ್ ಹೈಸ್ಕೂಲು ಬೇರೆ, ಇಂಡಿಯನ್ ಹೈಸ್ಕೂಲು ಬೇರೆ. ದೇವರ ಮುಂದೆ ಎಲ್ರೂ ಒಂದೇ ಅನ್ನೋರ ಕಾಂಪೌಂಡಿನಲ್ಲೂ ಬೆಂಚು ಬೇರೆ ಬೇರೆ ಇತ್ತು, ಅದನ್ನ ಮುಚ್ಚಿಡೋದ್ಯಾಕೆ? ಮಂಗಳೂರಿನ ಕಡೆ ಕಥೆ ಬೇರೆ. ಅಲ್ಲಿ ಕೊಂಕಣಿ ಕಥೋಲಿಕರು ಸ್ಥಳೀಯ ಜನವೇ. 1880ರಲ್ಲಿ ಸೇಂಟ್ ಅಲೋಶಿಯಸ್, 1921ರಲ್ಲಿ ಹೆಣ್ಮಕ್ಳಿಗೇ ಅಂತ ಸೇಂಟ್ ಆಗ್ನೆಸ್ ಕಾಲೇಜು. ನಾನು ಕಂಡ ಸಿಸ್ಟರುಗಳಲ್ಲೂ ಮಂಗಳೂರು, ಕೇರಳದ ಕಡೆಯವ್ರೇ ಜಾಸ್ತಿ.

ನಮ್ಮ ಹಿರಿಯರಿಗೆ ಮಿಷನ್ ಇಸ್ಕೂಲು ಅಂದ್ರೆ ಒಳಗೊಳಗೇ ಭಯ. "ಮತಕ್ಕೆ ಸೇರಿಸ್ಕೊಂಬಿಡ್ತಾರೆ" ಅಂತಿದ್ರು. ಆದ್ರೆ ನಮ್ಮ ಮುದ್ದೇನಹಳ್ಳಿ ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದಲ್ಲಿ ಓದಿ, ಆಮೇಲೆ ಬೆಂಗಳೂರಲ್ಲಿ ಸೇರಿದ್ದು ವೆಸ್ಲಿಯನ್ ಮಿಷನ್ ಹೈಸ್ಕೂಲಿಗೆ. ಅದು ಪ್ರಾಟೆಸ್ಟೆಂಟರದ್ದು, ಕಥೋಲಿಕರದ್ದಲ್ಲ. ನಮ್ಮೋರಿಗೆ ಆ ವ್ಯತ್ಯಾಸ ಬೇಕಾಗಿರಲಿಲ್ಲ, ಎಲ್ಲಾ "ಪಾದ್ರಿ ಇಸ್ಕೂಲೇ". ಓದಿ ಬಂದ ಮೇಲೂ ಅವ್ರು ವಿಶ್ವೇಶ್ವರಯ್ಯನವರಾಗೇ ಇದ್ರು. ಈಗಿನ ಮಕ್ಳೂ ಅಷ್ಟೆ. ಬೆಳಗ್ಗೆ ಪ್ರೇಯರ್ ಹೇಳಿ ಸಂಜೆ ಗಣೇಶನ ಗುಡೀಲಿ ಪ್ರದಕ್ಷಿಣೆ ಹಾಕ್ತಾವೆ.

ಬೇರೆ ದಾರೀನೂ ಇತ್ತು. ಗೌರಿಬಿದನೂರು ತಾಲ್ಲೂಕು ಹೊಸೂರಿನ ಎಚ್. ನರಸಿಂಹಯ್ಯನವರು ಬಡತನದಲ್ಲಿ ಹುಟ್ಟಿ, ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಲ್ಲಿ ಓದಿದ್ರು. ಅದು 1917ರಲ್ಲಿ ಆನಿ ಬೆಸೆಂಟರ ಪ್ರೇರಣೆಯಿಂದ ಹುಟ್ಟಿದ ಶಾಲೆ, ಪಾದ್ರಿಗಳದ್ದೂ ಅಲ್ಲ, ಸರ್ಕಾರದ್ದೂ ಅಲ್ಲ. ಆ ಸಂಸ್ಥೆಯ ಕಾಲೇಜು ಗೌರಿಬಿದನೂರಿಗೂ ಬಾಗೇಪಲ್ಲಿಗೂ ಬಂದಿದ್ದು ಅವ್ರ ದೆಸೆಯಿಂದ. ಆದ್ರೆ ಪುಟ್ಟ ಮಕ್ಳನ್ನ ಸೇರ್ಸೋ ಮಾತು ಬಂದಾಗ ಜನ ಅನುಕರಿಸಿದ್ದು ಅದನ್ನಲ್ಲ. ಟೈ, ಶೂ, ಇಂಗ್ಲಿಷ್ ರೈಮ್ಸು, ಅದನ್ನ. ಸಿಸ್ಟರುಗಳ ಶಿಸ್ತು, ಸಂಬಳಕ್ಕಲ್ಲದ ದುಡಿಮೆ ಮಾತ್ರ ನಕಲಾಗಲಿಲ್ಲ. ನಮ್ಮ ನೆಂಟರ ಹುಡುಗೀಗೆ ಅಂಥ ಒಂದು ನಕಲು ಕಾನ್ವೆಂಟಲ್ಲಿ ಕನ್ನಡ ಮಾತಾಡಿದ್ದಕ್ಕೆ ಐದು ರೂಪಾಯಿ ದಂಡ ಹಾಕಿದ್ರು. ದಂಡ ಹಾಕಿದ ಮೇಡಮ್ಮು ಚಿಂತಾಮಣಿ ಬಸ್‌ಸ್ಟ್ಯಾಂಡಲ್ಲಿ ನಮ್ಹತ್ರ ತೆಲುಗಲ್ಲೇ ಮಾತಾಡಿದ್ಳು.

ಇಷ್ಟಾದ್ರೂ ಅನುಮಾನ ಹೋಗಿಲ್ಲ. 2021ರ ಡಿಸೆಂಬರ್ 23ರಂದು ನಮ್ಮ ಜಿಲ್ಲೆಯ ಸೂಸೈಪಾಳ್ಯದ ಚರ್ಚಿನಲ್ಲಿ ಸಂತ ಅಂತೋಣಿಯ ಪ್ರತಿಮೆ ಒಡೆದ್ರು. ಅವತ್ತೇ ವಿಧಾನಸಭೇಲಿ ಮತಾಂತರ ತಡೆ ಮಸೂದೆ ಪಾಸಾಗಿತ್ತು. ಸೂಸೈ ಅಂದ್ರೆ ಜೋಸೆಫ್. ಅಷ್ಟು ಹಳೇ ನಂಟು ಆ ಊರಿಗೆ. ಆ ಸುದ್ದಿ ಓದಿ ನಂಗೆ ಹೊಟ್ಟೆ ತೊಳಸಿದಂಗಾಯ್ತು. ಹಬ್ಬಕ್ಕೆ ಎರಡು ದಿನ ಇತ್ತು.

ಭಾಷೆ ಜಗಳಾನೂ ಹೇಳ್ಬೇಕು. 1994ರಲ್ಲಿ ಸರ್ಕಾರ ಒಂದರಿಂದ ನಾಲ್ಕನೇ ಕ್ಲಾಸು ಮಾತೃಭಾಷೆ ಇಲ್ಲಾ ಕನ್ನಡದಲ್ಲೇ ಇರ್ಬೇಕು ಅಂತು. ಎಷ್ಟೋ ಇಸ್ಕೂಲು ಕಾಗದದಲ್ಲಿ ಕನ್ನಡ ತೋರ್ಸಿ ಒಳಗೆ ಇಂಗ್ಲಿಷ್ ಹೇಳ್ಕೊಟ್ವು. 2014ರ ಮೇ 6ಕ್ಕೆ ಸುಪ್ರೀಂ ಕೋರ್ಟು, ಮಾತೃಭಾಷೆ ಯಾವ್ದು ಅಂತ ಹೇಳೋದು ಹೆತ್ತೋರು, ಸರ್ಕಾರ ಒತ್ತಾಯ ಮಾಡಂಗಿಲ್ಲ ಅಂತು. ಅದೇ ದಿನದ ಇನ್ನೊಂದು ತೀರ್ಪಲ್ಲಿ ಅಲ್ಪಸಂಖ್ಯಾತರ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸಲ್ಲ ಅಂತಾಯ್ತು. ಬಡಮಕ್ಳಿಗೆ ಶೇ. 25 ಸೀಟು ಕೊಡೋ ಬಾಧ್ಯತೆ ಅವ್ರಿಗಿಲ್ಲ. ಬಡವ್ರಿಗಾಗಿ ಅಂತ ಬಂದ ಸಿಸ್ಟರುಗಳ ಶಾಲೆಗೆ ಇದು ಒಪ್ಪುತ್ತಾ ಅಂತ ನಂಗೆ ಈಗ್ಲೂ ಅನ್ಸುತ್ತೆ.

ಈ ವರ್ಷ ನಮ್ಮ ಮೊಮ್ಮಗನ್ನ ಸೇರಿಸ್ಬೇಕು. ಅರ್ಜೀಲಿ ಮಾತೃಭಾಷೆ ಅನ್ನೋ ಕಡೆ ಸೊಸೆ ತೆಲುಗು ಅಂತಾಳೆ, ಮಗ ಕನ್ನಡ ಅಂತಾನೆ. ಕಾನ್ವೆಂಟಿಗೇ ಅನ್ನೋದ್ರಲ್ಲಿ ಇಬ್ರೂ ಒಂದೇ. ಅರ್ಜಿ ಕೊಡಕ್ಕೆ ಇನ್ನೂ ಹತ್ತು ದಿನ ಐತೆ.