ಕೊಕ್ ಓ ವ್ಯಾಂ

ಕೊಕ್ ಓ ವ್ಯಾಂ ಎಂಬುದು ಕೋಳಿ ಮಾಂಸವನ್ನು ವೈನಿನಲ್ಲಿ ಮಂದ ಉರಿಯ ಮೇಲೆ ಬೇಯಿಸುವ ಫ್ರೆಂಚ್ ಅಡುಗೆಯಾಗಿದ್ದು, ಪೂರ್ವ ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದೊಂದಿಗೆ ಇದರ ಹೆಸರು ಹೆಚ್ಚಾಗಿ ತಳುಕು ಹಾಕಿಕೊಂಡಿದೆ. ಫ್ರೆಂಚಿನಲ್ಲಿ ‘ಕೊಕ್’ ಎಂದರೆ ಹುಂಜ. ಈ ಅಡುಗೆಯ ಕ್ರಮವೆಲ್ಲ ಹುಟ್ಟಿರುವುದೇ ಆ ಹುಂಜದಿಂದ. ಅಂಗಳದಲ್ಲಿ ವರ್ಷಗಟ್ಟಲೆ ಓಡಾಡಿ ಬಲಿತ ಹುಂಜದ ಮಾಂಸ ಹುರಿದರೆ ಅಗಿಯಲಾಗದಷ್ಟು ಗಡುಸಾಗುತ್ತದೆ; ಅದನ್ನೇ ಮೂರು ಗಂಟೆಯವರೆಗೆ ಸಣ್ಣಗೆ ಬೇಯಿಸಿದರೆ ಕೀಲು ಮತ್ತು ಚರ್ಮಗಳಲ್ಲಿರುವ ಕೊಲಾಜೆನ್ ಎಂಬ ಬಂಧಕ ಪ್ರೋಟೀನು ಜಿಲಾಟಿನ್ ಆಗಿ ಕರಗಿ, ಮಾಂಸ ಮೆದುವಾಗುವುದಲ್ಲದೆ ರಸವೂ ತುಟಿಗೆ ಅಂಟುವಷ್ಟು ಗಟ್ಟಿಯಾಗುತ್ತದೆ.

ಜೂಲಿಯಸ್ ಸೀಸರನಿಗೆ ಗಾಲ್ ಜನರು ಅಣಕಕ್ಕೆಂದು ಕಳುಹಿಸಿದ ಹುಂಜವನ್ನು ಅವನ ಬಾಣಸಿಗ ವೈನಿನಲ್ಲಿ ಬೇಯಿಸಿದನೆಂಬುದು ದಂತಕಥೆ ಮಾತ್ರ. ಹಳ್ಳಿಮನೆಗಳಲ್ಲಿ ಬಹುಕಾಲದಿಂದ ಇದ್ದಿರಬಹುದಾದ ಈ ಅಡುಗೆ ಇದೇ ಹೆಸರಿನಿಂದ ಪುಸ್ತಕಗಳಲ್ಲಿ ನೆಲೆಗೊಂಡದ್ದು 20ನೆಯ ಶತಮಾನದಲ್ಲಿ. 1961ರಲ್ಲಿ ಜೂಲಿಯಾ ಚೈಲ್ಡ್, ಸಿಮೋನ್ ಬೆಕ್ ಮತ್ತು ಲೂಯಿಸೆಟ್ ಬರ್ತೋಲ್ ಪ್ರಕಟಿಸಿದ ‘ಮಾಸ್ಟರಿಂಗ್ ದಿ ಆರ್ಟ್ ಆಫ್ ಫ್ರೆಂಚ್ ಕುಕಿಂಗ್’ ಗ್ರಂಥವು ಅದನ್ನು ಅಮೆರಿಕದ ಮನೆಗಳಿಗೆ ಮುಟ್ಟಿಸಿತು.

ಮನೆಯಲ್ಲಿ ಮಾಡುವಾಗ ಸುಮಾರು ಒಂದೂವರೆ ಕಿಲೋ ತೂಕದ ಕೋಳಿಯನ್ನು ಎಂಟು ತುಂಡು ಮಾಡಿ, ತೇವವನ್ನು ಬಟ್ಟೆಯಿಂದ ಚೆನ್ನಾಗಿ ಒತ್ತಿ ತೆಗೆಯಬೇಕು. ಒದ್ದೆ ತುಂಡು ಹಬೆಯಲ್ಲಿ ಬೇಯುವುದೇ ಹೊರತು ಕೆಂಪಗಾಗುವುದಿಲ್ಲ. ದಪ್ಪ ತಳದ ಪಾತ್ರೆಯಲ್ಲಿ ಉಪ್ಪೂರಿಸಿದ ಹಂದಿಮಾಂಸದ ಸಣ್ಣ ಪಟ್ಟಿಗಳನ್ನು, ಅಂದರೆ ಲಾರ್ಡೋನ್‌ಗಳನ್ನು, ಕೊಬ್ಬು ಬಿಡುವವರೆಗೆ ಹುರಿದು ತೆಗೆದು, ಅದೇ ಕೊಬ್ಬಿನಲ್ಲಿ ಕೋಳಿಯನ್ನು ಹೊಂಬಣ್ಣಕ್ಕೆ ತರಲಾಗುತ್ತದೆ. ಸ್ವಲ್ಪ ಬ್ರಾಂದಿ ಸುರಿದು ಉರಿ ಮುಟ್ಟಿಸುವ ರೂಢಿಯೂ ಇದೆ. ಬಳಿಕ ಹೆಚ್ಚುಕಡಿಮೆ ಒಂದು ಬಾಟಲಿ, ಎಂದರೆ 750 ಮಿಲಿಲೀಟರ್ ವೈನ್ ಹಾಕಿ, ತಳಕ್ಕೆ ಹತ್ತಿದ ಕಂದು ಗಸಿಯನ್ನು ಮರದ ಸೌಟಿನಿಂದ ಕೆರೆದು ಕರಗಿಸಬೇಕು. ರುಚಿಯ ಬಹುಪಾಲು ಆ ಗಸಿಯಲ್ಲೇ ಇರುವುದರಿಂದ ಇಲ್ಲಿ ಅವಸರ ಸಲ್ಲದು. ಬೆಳ್ಳುಳ್ಳಿಯೊಂದಿಗೆ ಥೈಮ್, ಪಾರ್ಸ್ಲಿ ಮತ್ತು ಬೇ ಎಲೆಗಳನ್ನು ದಾರದಿಂದ ಕಟ್ಟಿದ ‘ಬುಕೆ ಗಾರ್ನಿ’ಯನ್ನೂ ಹಾಕಲಾಗುತ್ತದೆ. ಅಣಬೆ ಮತ್ತು ಗೋಲಿಯಷ್ಟು ಸಣ್ಣ ಈರುಳ್ಳಿಗಳು ಕರಗಿಹೋಗಬಾರದೆಂದು ಅವನ್ನು ಬೆಣ್ಣೆಯಲ್ಲಿ ಬೇರೆಯಾಗಿ ಬಾಡಿಸಿ ಕೊನೆಯಲ್ಲಿ ಸೇರಿಸುತ್ತಾರೆ.

ಇಂದು ಮಾರುಕಟ್ಟೆಯಲ್ಲಿ ದೊರೆಯುವ ಎಳೆಯ ಕೋಳಿಗೆ ಮೂವತ್ತರಿಂದ ನಲವತ್ತೈದು ನಿಮಿಷ ಸಾಕು. ಹುಂಜದ ಲೆಕ್ಕದಲ್ಲಿ ಬೇಯಿಸಿದರೆ ಎದೆಯ ಮಾಂಸ ಒಣಗಿ ನಾರಾಗುತ್ತದೆ. ಆದರೆ ಎಳೆಯ ಕೋಳಿಯಲ್ಲಿ ಜಿಲಾಟಿನ್ ಕಡಿಮೆಯಾದ್ದರಿಂದ ರಸ ತೆಳ್ಳಗೇ ಉಳಿಯುತ್ತದೆ. ಇದಕ್ಕೆಂದೇ ಮಾಂಸವನ್ನು ಹೊರತೆಗೆದು, ರಸವನ್ನು ಕುದಿಸಿ ಇಂಗಿಸಿ, ಮೈದಾ ಮತ್ತು ಬೆಣ್ಣೆಯನ್ನು ನಾದಿದ ‘ಬೆರ್ ಮಾನಿಯೆ’ ಎಂಬ ಮುದ್ದೆಯನ್ನು ಕದಡಲಾಗುತ್ತದೆ. ಸೌಟಿನ ಬೆನ್ನಿಗೆ ಹತ್ತಿದ ರಸದ ಮೇಲೆ ಬೆರಳಿನಿಂದ ಎಳೆದ ಗೆರೆ ಕೂಡಿಕೊಳ್ಳದಿದ್ದರೆ ಹದ ಬಂದಂತೆ. ಹಳೆಯ ಕ್ರಮದಲ್ಲಿ ಈ ಕೆಲಸಕ್ಕೆ ಹುಂಜದ ರಕ್ತವನ್ನೇ ಬಳಸುತ್ತಿದ್ದು, ಅದು ಒಡೆಯದಂತೆ ರಸವನ್ನು ಕುದಿಯಲು ಬಿಡುತ್ತಿರಲಿಲ್ಲ.

ರಸ ಇಂಗಿದಂತೆ ವೈನಿನ ಹುಳಿಯೂ ಒಗರೂ ತೀಕ್ಷ್ಣವಾಗುವುದರಿಂದ, ಪಿನೋ ನ್ವಾರ್ ದ್ರಾಕ್ಷಿಯ ಬರ್ಗಂಡಿ ವೈನಿನಂಥ ಒಗರು ಕಡಿಮೆಯಿರುವ ವೈನ್ ಒಪ್ಪುತ್ತದೆ. ಅಲ್ಸಾಸ್‌ನಲ್ಲಿ ರೀಸ್ಲಿಂಗ್ ಎಂಬ ಬಿಳಿ ವೈನ್ ಮತ್ತು ಕೆನೆಯನ್ನೂ, ಜೂರಾದಲ್ಲಿ ಅಲ್ಲಿಯದೇ ಹಳದಿ ವೈನನ್ನೂ ಬಳಸುತ್ತಾರೆ. ಎಷ್ಟು ಕುದಿಸಿದರೂ ಮದ್ಯಸಾರ ಸಂಪೂರ್ಣವಾಗಿ ಆವಿಯಾಗುವುದಿಲ್ಲವೆಂಬುದನ್ನು ಮದ್ಯ ವರ್ಜಿಸುವವರು ಗಮನಿಸಬೇಕು. ಬೇಯಿಸಿದ ಆಲೂಗಡ್ಡೆ ಅಥವಾ ಬೆಣ್ಣೆ ಹಾಕಿದ ನೂಡಲ್ಸ್‌ನೊಂದಿಗೆ ಬಡಿಸುವ ಈ ಅಡುಗೆಯನ್ನು ತಣ್ಣಗೆ ಇರಿಸಿ ಮರುದಿನ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ, ಆ ಹೊತ್ತಿಗೆ ವೈನಿನ ಬಣ್ಣ ಮಾಂಸದ ಒಳಕ್ಕೂ ಇಳಿದಿರುತ್ತದೆ.