ಗಡಿರೇಖೆಯ ಅರ್ಧ ಸ್ವಾತಂತ್ರ್ಯ: ಎಶರ್ ಅವರ ಹಲ್ಲಿ ವಿನ್ಯಾಸದ ಅಧ್ಯಯನ

ಒಂದೇ ಆಕೃತಿ ಸಂದು ಬಿಡದೆ, ಒಂದರ ಮೇಲೊಂದು ಏರದೆ, ಸಮತಲವನ್ನೆಲ್ಲ ತುಂಬುವ ವಿನ್ಯಾಸದಲ್ಲಿ ನೋಡುಗರ ಕಣ್ಣು ಮೊದಲು ಆಕೃತಿಯ ಮೇಲೆ ನಿಲ್ಲುತ್ತದೆ. ವಿನ್ಯಾಸಕಾರರ ಕೆಲಸವೆಲ್ಲ ಇರುವುದು ಗಡಿರೇಖೆಯಲ್ಲಿ. ಆ ರೇಖೆಯಲ್ಲೂ ಹೆಚ್ಚೆಂದರೆ ಅರ್ಧಭಾಗವಷ್ಟೇ ಅವರ ಕೈಯಲ್ಲಿದೆ ಎಂಬುದನ್ನು ಡಚ್ ಕಲಾವಿದ ಎಂ. ಸಿ. ಎಶರ್ (1898–1972) ಅವರ ಹಲ್ಲಿಗಳ ಮೂಲಕ ತೋರಿಸುವುದು ಈ ಲೇಖನದ ಉದ್ದೇಶ.

ಎಶರ್ 1922ರಲ್ಲಿಯೂ 1936ರಲ್ಲಿಯೂ ಸ್ಪೇನಿನ ಗ್ರನಾಡಾದ ಅಲ್‌ಹಂಬ್ರ ಅರಮನೆಯನ್ನು ಕಂಡರು; ಎರಡನೆಯ ಸಲ ಪತ್ನಿಯೊಂದಿಗೆ ಕುಳಿತು ಅಲ್ಲಿನ ಟೈಲ್ ವಿನ್ಯಾಸಗಳನ್ನು ನಕಲು ಮಾಡಿಕೊಂಡರು. ಆ ಬಳಿಕ ಭೂವಿಜ್ಞಾನಿಯಾಗಿದ್ದ ಮಲಸಹೋದರ ಬೆರೆಂಡ್ ಅವರ ಸೂಚನೆಯಿಂದ ಗಣಿತಜ್ಞ ಜಾರ್ಜ್ ಪೋಲ್ಯಾ ಅವರ 1924ರ ಪ್ರಬಂಧ ಕೈಗೆ ಬಂತು. ಸಮತಲದ ಆವರ್ತಕ ವಿನ್ಯಾಸಗಳ ಸಮ್ಮಿತಿ 17 ಬಗೆಯದೆಂದು ರಷ್ಯದ ಸ್ಫಟಿಕವಿಜ್ಞಾನಿ ಫೆಡೊರೊವ್ 1891ರಲ್ಲೇ ಸಾಧಿಸಿದ್ದರು. ಪೋಲ್ಯಾ ಪ್ರತಿಯೊಂದು ಬಗೆಗೂ ಚಿತ್ರ ಕೊಟ್ಟಿದ್ದರು. ಎಶರ್ ಕಲಿತದ್ದು ಆ ಚಿತ್ರಗಳಿಂದ.

ಕಲಿಕೆಯ ಫಲ 1939ರ ಹಲ್ಲಿ ವಿನ್ಯಾಸದಲ್ಲಿದೆ. 1943ರ ‘ರೆಪ್ಟೈಲ್ಸ್’ ಶಿಲಾಮುದ್ರಣದಲ್ಲಿ ಹಲ್ಲಿಗಳು ಹಾಳೆಯಿಂದ ಎದ್ದು ಹೊರಡುವುದು ಈ ವಿನ್ಯಾಸದಿಂದಲೇ. ಇದರ ಅಡಿಪಾಯ ಜೇನುಗೂಡಿನ ಕಣದಂಥ ಸಮಷಡ್ಭುಜ. ಅದರ ಮೂಲೆಗಳಲ್ಲಿ ಒಂದು ಬಿಟ್ಟು ಒಂದರಂತೆ ಮೂರನ್ನು ಕೇಂದ್ರಗಳಾಗಿ ಹಿಡಿಯಬೇಕು. ಒಂದು ಕೇಂದ್ರದಲ್ಲಿ ಕೂಡುವ ಎರಡು ಬಾಹುಗಳ ಪೈಕಿ ಒಂದನ್ನು ಬೇಕಾದಂತೆ ಬಳುಕಿಸಿ, ಆ ವಕ್ರರೇಖೆಯನ್ನು ಕೇಂದ್ರದ ಸುತ್ತ 120 ಡಿಗ್ರಿ ತಿರುಗಿಸಿದರೆ ಇನ್ನೊಂದು ಬಾಹು ಸಿದ್ಧವಾಗುತ್ತದೆ. ಉಳಿದೆರಡು ಕೇಂದ್ರಗಳಲ್ಲೂ ಇದೇ ಕ್ರಮ. ಹೀಗೆ ಆರು ಬಾಹುಗಳಲ್ಲಿ ಮೂರು ಕಲಾವಿದರ ಆಯ್ಕೆ, ಮೂರು ಆ ಆಯ್ಕೆಯ ಪರಿಣಾಮ. ಒಂದು ಬಾಹುವಿನಲ್ಲಿ ಕಾಲು ಹೊರಚಾಚಿದರೆ ಜೋಡಿ ಬಾಹುವಿನಲ್ಲಿ ಅದೇ ಅಳತೆಯ ಕೊರಕಲು ಬೀಳುತ್ತದೆ. ಕೂಡಿದಷ್ಟೇ ಕಳೆಯುವುದರಿಂದ ಹಲ್ಲಿಯ ವಿಸ್ತೀರ್ಣ ಮೂಲ ಷಡ್ಭುಜದಷ್ಟೇ ಉಳಿಯುತ್ತದೆ.

ಬೇರೆ ಚಲನೆಗಳಲ್ಲೂ ಲೆಕ್ಕ ಇದೇ. ಬಾಹುವಿನ ನಡುಬಿಂದುವಿನ ಸುತ್ತ 180 ಡಿಗ್ರಿ ತಿರುಗಿಸುವಾಗ ಆ ಬಾಹು ತನಗೆ ತಾನೇ ಜೋಡಿ; ಅರ್ಧ ಎಳೆದರೆ ಉಳಿದರ್ಧ ನಿಶ್ಚಿತ. ಸರಳ ಜರುಗಿಸುವಿಕೆಯಲ್ಲಿ ಎದುರುಬದುರು ಬಾಹುಗಳು ಜೋಡಿಯಾಗುತ್ತವೆ. ಕನ್ನಡಿ ಪ್ರತಿಫಲನ ಮಾತ್ರ ಇನ್ನೂ ಬಿಗಿ: ಗಡಿಯೇ ಕನ್ನಡಿಯ ರೇಖೆಯಾದಾಗ ಅದು ನೇರವಾಗಿರಲೇಬೇಕು, ಬಳುಕಿಸಲು ಎಡೆಯೇ ಇಲ್ಲ. ಜರ್ಮನ್ ಗಣಿತಜ್ಞ ಹೈನ್ರಿಶ್ ಹೇಶ್ ಅವರು ಓಟೊ ಕೀನ್ಸ್ಲೆ ಅವರೊಂದಿಗೆ 1963ರಲ್ಲಿ ಪ್ರಕಟಿಸಿದ 28 ಬಗೆಯ ಅಸಮ್ಮಿತ ಆಕೃತಿಗಳು ಜರುಗಿಸುವಿಕೆ, ತಿರುಗಿಸುವಿಕೆ ಮತ್ತು ಜಾರು-ಪ್ರತಿಫಲನಗಳಿಂದಷ್ಟೇ (ಪ್ರತಿಫಲಿಸಿ ಕನ್ನಡಿಯ ರೇಖೆಯ ಗುಂಟ ಜರುಗಿಸುವುದು) ಹುಟ್ಟುವುದು ಈ ಕಾರಣದಿಂದಲೇ.

ಆದ್ದರಿಂದ ಮೊದಲು ಪ್ರಾಣಿಯನ್ನು ಬರೆದು ಆಮೇಲೆ ಹೊಂದಿಸಹೊರಟರೆ ವಿನ್ಯಾಸ ಸಾಮಾನ್ಯವಾಗಿ ಕೂಡುವುದಿಲ್ಲ. 2000ದಲ್ಲಿ ಕ್ರೇಗ್ ಕಪ್ಲನ್ ಮತ್ತು ಡೇವಿಡ್ ಸೇಲ್ಸಿನ್ ರೂಪಿಸಿದ ಗಣಕ ವಿಧಾನವೂ ಕೊಟ್ಟ ಚಿತ್ರಕ್ಕೆ ಆದಷ್ಟು ಹತ್ತಿರವಾದ, ಸಮತಲ ತುಂಬಬಲ್ಲ ಆಕೃತಿಯನ್ನು ಹುಡುಕುತ್ತದೆ, ಬಾಗಬೇಕಾದದ್ದು ಚಿತ್ರವೇ. ಎಶರ್ ಅವರ ಪ್ರತಿಭೆ ಕಾಣುವುದು ತಾವು ಎಳೆಯದ ಆ ಅರ್ಧದಲ್ಲಿ: ನಿಯಮ ತಂದಿತ್ತ ಕೊರಕಲನ್ನೂ ಅವರು ಹಲ್ಲಿಯ ಮೈಯಾಗಿ ಓದಿದರು.