ಕಾನ್ಜಿ ಲಿಪಿಯ ಸ್ವಯಂಶಿಕ್ಷಣ ಕ್ರಮಗಳು

ಕ್ರಿ.ಶ. ೧೫೯೮ರಲ್ಲಿ ಜಪಾನಿನಲ್ಲಿದ್ದ ಜೆಸುಯಿಟ್ ಪಾದ್ರಿಗಳು ತಮ್ಮ ಅಚ್ಚುಕೂಟದಲ್ಲಿ ‘ರಾಕುಯೋಷೂ’ ಎಂಬ ಅಕ್ಷರಕೋಶವೊಂದನ್ನು ಮುದ್ರಿಸಿ ಹೊರತಂದರು. ಯೂರೋಪಿನಿಂದ ಹೊರಟ ಆ ಮುದ್ರಣಯಂತ್ರವು ಗೋವೆಯ ಮಾರ್ಗವಾಗಿ ೧೫೯೦ರಲ್ಲಿ ಆ ದೇಶವನ್ನು ಮುಟ್ಟಿದ್ದಿತು. ‘ಉದುರಿದೆಲೆಗಳ ಸಂಗ್ರಹ’ವೆಂದು ಗ್ರಂಥದ ಹೆಸರಿಗೆ ಅರ್ಥ. ಇದರಲ್ಲಿ ಅಕ್ಷರಗಳು ಮೂರು ಭಾಗಗಳಾಗಿ, ಮೂರು ಬೇರೆ ಬೇರೆ ಅನುಕ್ರಮಗಳಲ್ಲಿ ಜೋಡಿಸಲ್ಪಟ್ಟಿವೆ. ಮೊದಲನೆಯ ಭಾಗವು ಅಕ್ಷರದ ಚೀನೀ ಮೂಲದ ಉಚ್ಚಾರಣೆಯನ್ನೂ, ಎರಡನೆಯದು ಅದಕ್ಕೆ ಸಲ್ಲುವ ಜಪಾನೀ ದೇಶ್ಯಪದವನ್ನೂ, ಮೂರನೆಯದು ಅದರ ಆಕಾರವನ್ನೂ ಅನುಸರಿಸುತ್ತವೆ. ಪಕ್ಕದಲ್ಲಿ ಪಂಡಿತನಿಲ್ಲದ ಓದುಗನಿಗೆ ಈ ಮೂರರಲ್ಲಿ ಯಾವುದಾದರೊಂದು ಬಾಗಿಲು ತೆರೆದೀತು. ಹೀಗೆ ಮೂರು ಬಾಗಿಲುಗಳನ್ನು ಇಡಬೇಕಾಗಿ ಬಂದುದೇಕೆಂಬುದನ್ನು ತಿಳಿದರೆ, ಕಾನ್ಜಿಯನ್ನು ಗುರುಮುಖವಿಲ್ಲದೆ ಕಲಿಯುವ ಕ್ರಮಗಳ ವಿಷಯದಲ್ಲಿ ಅಲ್ಲಿಂದೀಚೆಗೆ ನಡೆದ ವಾದವಿವಾದಗಳ ಮೂಲವೂ ತಿಳಿದಂತಾಗುತ್ತದೆ.

ಕಾನ್ಜಿಯೆಂದರೆ ‘ಹಾನ್ ಜನರ ಅಕ್ಷರ’. ಅದು ಚೀನಾದೇಶದಿಂದ ಕೊರಿಯಾದ ಮೂಲಕ ಜಪಾನಿಗೆ ಬಂದಿತು. ಬಂದಾಗ ತನ್ನ ಜೊತೆಗೆ ಚೀನೀ ಉಚ್ಚಾರಣೆಯನ್ನೂ ತಂದಿತು. ಆದರೆ ಜಪಾನೀಯರು ತಮ್ಮ ಮನೆಮಾತನ್ನು ಬಿಟ್ಟವರಲ್ಲ. ಅದೇ ಅಕ್ಷರವನ್ನು ತಮ್ಮ ಪದದಿಂದಲೂ ಓದತೊಡಗಿದರು. ನೀರನ್ನು ಸೂಚಿಸುವ ಅಕ್ಷರವನ್ನು ಸಮಾಸಗಳಲ್ಲಿ ‘ಸುಯಿ’ ಎಂದೂ, ಒಂಟಿಯಾಗಿ ನಿಂತಾಗ ‘ಮಿಜು’ ಎಂದೂ ಓದುವುದು ವಾಡಿಕೆ. ಕನ್ನಡದಲ್ಲಿ ಒಂದೇ ಚಿಹ್ನೆಯನ್ನು ಬರೆದು, ಅದನ್ನು ‘ಜಲಾಶಯ’ವೆಂಬಲ್ಲಿ ಜಲವೆಂದೂ, ಬೇರೆಯಾಗಿ ನಿಂತಲ್ಲಿ ನೀರೆಂದೂ ಓದಬೇಕಾಗಿದ್ದರೆ ಹೇಗೋ ಹಾಗೆ. ಮೊದಲನೆಯ ಬಗೆಯ ಓದಿಗೆ ‘ಓನ್’ ಎಂದೂ ಎರಡನೆಯದಕ್ಕೆ ‘ಕುನ್’ ಎಂದೂ ಹೆಸರು. ಎಲ್ಲ ಅಕ್ಷರಗಳೂ ಇಷ್ಟು ಸರಳವಲ್ಲ. ಜೀವವನ್ನು ಸೂಚಿಸುವ ಅಕ್ಷರಕ್ಕೆ ‘ಸೆಯಿ’, ‘ಶೋ’ ಎಂಬ ಓನ್‌ಗಳಲ್ಲದೆ, ಬದುಕುವುದು, ಹುಟ್ಟುವುದು, ಮೊಳೆಯುವುದು, ಹಸಿಯಾದುದು ಎಂಬ ಅರ್ಥಗಳಿಗೆ ಬೇರೆ ಬೇರೆ ಕುನ್‌ಗಳುಂಟು. ಆದುದರಿಂದ ಕಲಿಯುವವನು ಒಂದೊಂದು ಅಕ್ಷರಕ್ಕೂ ಆಕಾರ, ಅರ್ಥ, ಓನ್, ಕುನ್ ಎಂಬ ನಾಲ್ಕನ್ನು ಮನಸ್ಸಿನಲ್ಲಿಡಬೇಕು. ಇದುವರೆಗೆ ಹುಟ್ಟಿದ ಕ್ರಮಗಳಲ್ಲಿ ಈ ನಾಲ್ಕನ್ನೂ ಒಂದೇ ಸಮನಾಗಿ ಹೊರಬಲ್ಲುದು ಯಾವುದೂ ಇಲ್ಲ.

ಎಲ್ಲಕ್ಕಿಂತ ಪ್ರಾಚೀನವಾದುದು ಬಾಯಿಪಾಠದ ಕ್ರಮ. ವಾನಿ ಎಂಬ ಕೊರಿಯಾದೇಶದ ವಿದ್ವಾಂಸನು ಓಜಿನ್ ಚಕ್ರವರ್ತಿಯ ಕಾಲದಲ್ಲಿ ಕನ್‌ಫ್ಯೂಷಿಯಸನ ಸಂವಾದಗಳನ್ನೂ ‘ಸಹಸ್ರಾಕ್ಷರಿ’ ಎನ್ನಬಹುದಾದ ಬಾಲಬೋಧೆಯನ್ನೂ ಜಪಾನಿಗೆ ತಂದನೆಂದು ೭೧೨ರ ‘ಕೊಜಿಕಿ’ ಹೇಳುತ್ತದೆ. ಈ ಐತಿಹ್ಯವನ್ನು ಇದ್ದಂತೆಯೇ ಒಪ್ಪುವುದು ಸಾಧ್ಯವಿಲ್ಲ. ಓಜಿನ್ನನ ಕಾಲವನ್ನು ಎಷ್ಟು ಈಚೆಗೆ ತಂದರೂ ಅದು ಐದನೆಯ ಶತಮಾನವನ್ನು ದಾಟದು. ಸಹಸ್ರಾಕ್ಷರಿಯಾದರೋ ಚೀನಾದ ಲಿಯಾಂಗ್ ವಂಶದ ವೂ ಚಕ್ರವರ್ತಿಯ (೫೦೨–೫೪೯) ಆಶ್ರಯದಲ್ಲಿ ರಚಿತವಾದುದು. ಅದೇನೇ ಇರಲಿ, ಸಾವಿರ ಅಕ್ಷರಗಳಲ್ಲಿ ಒಂದನ್ನೂ ಮರುಕಳಿಸದೆ, ನಾಲ್ಕು ನಾಲ್ಕರ ೨೫೦ ಪಾದಗಳಲ್ಲಿ ಕಟ್ಟಿದ ಆ ಪದ್ಯವು ಅಕ್ಷರಾಭ್ಯಾಸಕ್ಕೆ ಬಹುಕಾಲ ಆಧಾರವಾಗಿದ್ದಿತು. ಅರ್ಥವನ್ನು ಕೇಳದೆ, ಗ್ರಂಥವನ್ನು ಗಟ್ಟಿಯಾಗಿ ಓದಿ ಓದಿ ಕಂಠಸ್ಥ ಮಾಡುವುದಕ್ಕೆ ಜಪಾನೀಯರು ‘ಸೊದೊಕು’ ಎನ್ನುತ್ತಾರೆ. ನಮ್ಮ ಮಠದ ಶಾಲೆಗಳಲ್ಲಿ ಅಮರಕೋಶವನ್ನು ಒಪ್ಪಿಸುತ್ತಿದ್ದ ರೀತಿಯನ್ನು ಬಲ್ಲವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಕೈಬಾರಾ ಎಕಿಕೆನ್ ಎಂಬ ಪಂಡಿತನು ೧೭೧೦ರಲ್ಲಿ ಬರೆದ ಬಾಲಶಿಕ್ಷಣ ಗ್ರಂಥದಲ್ಲಿ ಇದಕ್ಕೆ ಲೆಕ್ಕವನ್ನೇ ಹಾಕಿಕೊಟ್ಟಿದ್ದಾನೆ: ಕನ್‌ಫ್ಯೂಷಿಯನ್ ಸಂಪ್ರದಾಯದ ನಾಲ್ಕು ಮೂಲಗ್ರಂಥಗಳಲ್ಲಿರುವ ಅಕ್ಷರಗಳು ಒಟ್ಟು ೫೨,೮೦೪, ದಿನಕ್ಕೆ ನೂರರಂತೆ ನೂರು ಸಲ ಓದಿ, ನೋಡದೆ ಹೇಳಿ, ನೋಡದೆ ಬರೆದರೆ ೫೨೮ ದಿನಗಳಲ್ಲಿ ಮುಗಿಯುತ್ತದೆ! ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಎಕಿಕೆನ್ನನ ಬಾಲಕನು ಜಪಾನೀ ಮನೆಯಲ್ಲಿ ಹುಟ್ಟಿದವನು. ಅವನಿಗೆ ಮಾತು ಮೊದಲೇ ಬಂದಿದೆ, ತಪ್ಪಿದಲ್ಲಿ ತಿದ್ದುವ ಗುರುವೂ ಎದುರಿಗಿದ್ದಾನೆ. ಮಾತೂ ಗುರುವೂ ಇಲ್ಲದ ಪರದೇಶಿಯು ಇದೇ ಕ್ರಮವನ್ನು ಹಿಡಿದು, ಚೌಕುಳಿಗೆರೆಯ ಪುಸ್ತಕದಲ್ಲಿ ಒಂದೊಂದು ಅಕ್ಷರವನ್ನೂ ನೂರು ಸಲ ತಿದ್ದಿದರೆ ಕೈಗೆ ಗೆರೆಗಳ ವರಸೆ ಕೂಡಿಬರುತ್ತದೆಯೇ ಹೊರತು, ಒಂದನ್ನೊಂದು ಹೋಲುವ ಅಕ್ಷರಗಳನ್ನು ಬೇರ್ಪಡಿಸುವ ಶಕ್ತಿ ಬರುವುದಿಲ್ಲ. ಈ ಕ್ರಮವನ್ನು ಹಿಡಿದ ವಯಸ್ಕರು ನಡುದಾರಿಯಲ್ಲಿ ಬಿಡುವುದು ಬಹುಮಟ್ಟಿಗೆ ಇದರಿಂದಲೇ.

ವಯಸ್ಕನಾದ ಪರದೇಶಿಯು ತಾನೇ ಕಂಡುಕೊಂಡ ಉಪಾಯದ ಮೊದಲ ಸ್ಪಷ್ಟ ನಿದರ್ಶನವು ಜಪಾನಿನಲ್ಲಲ್ಲ, ಚೀನಾದಲ್ಲಿ ದೊರೆಯುತ್ತದೆ. ಇಟಲಿಯ ಮತ್ತೆಯೋ ರಿಚ್ಚಿಯು ಪಾಶ್ಚಾತ್ಯ ವಾಗ್ಮಿಗಳ ಪರಂಪರೆಯಿಂದ ಬಂದ ಸ್ಮೃತಿವಿದ್ಯೆಯನ್ನು ಬಲ್ಲವನು. ಮನಸ್ಸಿನಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಂಡು, ನೆನಪಿಡಬೇಕಾದ ವಿಷಯಗಳನ್ನು ಚಿತ್ರಗಳನ್ನಾಗಿ ಮಾಡಿ ಅದರ ಕೋಣೆಗಳಲ್ಲಿ ಇರಿಸುವುದೇ ಆ ವಿದ್ಯೆ. ನಾನೂರು ಐನೂರು ಚೀನೀ ಅಕ್ಷರಗಳನ್ನು ಒಂದು ಸಲ ಓದಿ, ಮೊದಲಿಂದ ಕೊನೆಗೂ ಕೊನೆಯಿಂದ ಮೊದಲಿಗೂ ಹೇಳಬಲ್ಲೆನೆಂದು ಅವನು ೧೫೯೫ರಲ್ಲಿ ಬರೆದನು. ಮರುವರ್ಷ ಆ ವಿದ್ಯೆಯನ್ನು ಕುರಿತು ಚೀನೀ ಭಾಷೆಯಲ್ಲೇ ಒಂದು ಪುಸ್ತಕವನ್ನು ರಚಿಸಿದನು. ಯುದ್ಧವೆಂಬ ಅಕ್ಷರವನ್ನು ಅವನು ಒಡೆದ ರೀತಿ ಗಮನಾರ್ಹವಾಗಿದೆ. ಅದರಲ್ಲಿ ಆಯುಧವನ್ನು ಸೂಚಿಸುವ ಒಂದು ಭಾಗವೂ ‘ತಡೆ’ಯೆಂದು ಅರ್ಥವಾಗುವ ಇನ್ನೊಂದು ಭಾಗವೂ ಇವೆ. ರಿಚ್ಚಿಯ ಚಿತ್ರದಲ್ಲಿ ಇಬ್ಬರು ಯೋಧರು. ಒಬ್ಬನು ಈಟಿಯೆತ್ತಿ ಇರಿಯಲು ಸಿದ್ಧನಾಗಿದ್ದಾನೆ, ಇನ್ನೊಬ್ಬನು ಅವನ ಮಣಿಕಟ್ಟನ್ನು ಹಿಡಿದು ತಡೆಯುತ್ತಿದ್ದಾನೆ. ಒಮ್ಮೆ ಕಂಡವರು ಈ ಅಕ್ಷರವನ್ನು ಮರೆಯುವುದು ಕಷ್ಟ.

ಇಲ್ಲಿಯೇ ವಿದ್ವಾಂಸರ ಆಕ್ಷೇಪಣೆಯೂ ಹುಟ್ಟುತ್ತದೆ. ಅಕ್ಷರವು ನಿಜವಾಗಿ ಹಾಗೆ ಹುಟ್ಟಿತೆ? ಪ್ರಾಚೀನ ಎಲುಬು ಮತ್ತು ಆಮೆಚಿಪ್ಪಿನ ಬರೆಹಗಳ ಮಹತ್ತ್ವವು ೧೮೯೯ರಲ್ಲಿ ಬೆಳಕಿಗೆ ಬಂದ ಮೇಲೆ ನಡೆದ ಸಂಶೋಧನೆಯಂತೆ, ಆ ‘ತಡೆ’ಯ ಭಾಗವು ಮೂಲದಲ್ಲಿ ಕಾಲಿನ ಚಿತ್ರ, ಆಯುಧಪಾಣಿಯಾಗಿ ನಡೆಯುವುದೇ ಅಕ್ಷರದ ಮೊದಲ ಭಾವ. ಪೂರ್ವದಿಕ್ಕಿನ ಅಕ್ಷರವಂತೂ ಇದಕ್ಕಿಂತ ಪ್ರಸಿದ್ಧವಾದ ನಿದರ್ಶನ. ಮರದ ನಡುವೆ ಕಾಣುವ ಸೂರ್ಯನೇ ಪೂರ್ವವೆಂದು ಎಷ್ಟೋ ಕೈಪಿಡಿಗಳು ಬೋಧಿಸುತ್ತವೆ. ಎರಡು ಕೊನೆಗಳನ್ನೂ ಬಿಗಿದ ಚೀಲದ ಚಿತ್ರವನ್ನು ಧ್ವನಿಸಾಮ್ಯಕ್ಕಾಗಿ ದಿಕ್ಕಿಗೆ ಎರವಲು ಪಡೆದುದೆಂಬುದು ಲಿಪಿಶಾಸ್ತ್ರಜ್ಞರಲ್ಲಿ ಹೆಚ್ಚು ಮಂದಿಯ ಮತ. ಆದರೆ ಕೈಪಿಡಿಗಳನ್ನು ಬರೆದವರನ್ನು ಮಾತ್ರ ದೂರುವುದು ನ್ಯಾಯವಲ್ಲ. ಸೂರ್ಯ ಮತ್ತು ಮರದ ವಿವರಣೆಯು ಕ್ರಿ.ಶ. ೧೦೦ರ ಸುಮಾರಿನಲ್ಲಿ ಷೂ ಷೆನ್ ರಚಿಸಿದ ‘ಷುವೊವೆನ್ ಜಿಯೆಜಿ’ ಎಂಬ ಕೋಶದಲ್ಲಿಯೇ ಇದೆ. ೫೪೦ ಮೂಲಾಂಗಗಳ ಕೆಳಗೆ ೯,೩೫೩ ಅಕ್ಷರಗಳನ್ನು ವಿಂಗಡಿಸಿದ ಆ ಮಹಾಕೋಶಕಾರನು ಹೆಸರೆಂಬ ಅಕ್ಷರದಲ್ಲಿ ಸಂಜೆಯನ್ನೂ ಬಾಯಿಯನ್ನೂ ಕಂಡು, ಕತ್ತಲೆಯಲ್ಲಿ ಮುಖ ಕಾಣದುದರಿಂದ ಬಾಯಲ್ಲಿ ಹೆಸರನ್ನು ಹೇಳಿಕೊಳ್ಳಬೇಕೆಂದು ವಿವರಿಸಿದ್ದಾನೆ. ವ್ಯುತ್ಪತ್ತಿ ನಿಜವೋ ಸುಳ್ಳೋ, ಹೇಳಿದ ಕತೆ ಸೊಗಸಾಗಿದೆ.

ಸ್ಮೃತಿಗೆ ನೆರವಾಗುವ ಸುಳ್ಳನ್ನು ಕಲಿಯಬಹುದೆ ಎಂಬ ಈ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದಲ್ಲಿ ಎರಡು ಉತ್ತರಗಳು ಬಂದುವು. ಅದಕ್ಕೆ ಮೊದಲು, ೧೮೯೯ರಲ್ಲಿ, ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾಗಿದ್ದ ಚೇಂಬರ್ಲೇನನ ‘ಮೋಜಿ ನೋ ಶಿರುಬೆ’ ಹೊರಬಂದಿದ್ದಿತು. ಆದರೆ ಆಗ ಕಲಿಯಬೇಕಾದ ಅಕ್ಷರಗಳಿಗೆ ಮೇರೆಯೇ ಇರಲಿಲ್ಲ. ೧೯೪೬ರಲ್ಲಿ ಜಪಾನೀ ಸರ್ಕಾರವು ೧,೮೫೦ ಅಕ್ಷರಗಳ ಪಟ್ಟಿಯನ್ನು ಪ್ರಕಟಿಸಿದ ಮೇಲೆ ಒಂಟಿ ವಿದ್ಯಾರ್ಥಿಗೆ ಗುರಿ ಕಂಡಿತು. ಆ ಪಟ್ಟಿ ೧೯೮೧ರಲ್ಲಿ ೧,೯೪೫ಕ್ಕೂ ೨೦೧೦ರಲ್ಲಿ ೨,೧೩೬ಕ್ಕೂ ಬೆಳೆಯಿತು.

ಮೊದಲನೆಯ ಉತ್ತರ ಜೇಮ್ಸ್ ಹೈಸಿಗ್ಗನದು. ಆತನು ಕಾಮಾಕುರಾ ನಗರದ ಭಾಷಾಶಾಲೆಗೆ ಬಂದಾಗ ತರಗತಿಗಳು ಆಗಲೇ ಆರಂಭವಾಗಿದ್ದುವು. ಕೆಲವು ವಾರ ಕಾಯಬೇಕಾಗಿ ಬಂದುದರಿಂದ ಒಬ್ಬನೇ ಕುಳಿತು ಅಕ್ಷರಗಳನ್ನು ಅಂಗಾಂಗವಾಗಿ ಒಡೆದು, ಒಂದೊಂದು ಅಂಗಕ್ಕೂ ಒಂದು ಹೆಸರಿಟ್ಟು, ಕತೆ ಕಟ್ಟಿ ಕಲಿಯತೊಡಗಿದನು. ತಿಂಗಳು ಮುಗಿಯುವುದರೊಳಗೆ ಸುಮಾರು ೧,೯೦೦ ಅಕ್ಷರಗಳ ಅರ್ಥವೂ ಬರೆಹವೂ ಕೈವಶವಾದುವೆಂದು ಆತನೇ ಹೇಳಿಕೊಂಡಿದ್ದಾನೆ. ೧೯೭೭ರಲ್ಲಿ ಪುಸ್ತಕ ಹೊರಬಂದಿತು. ಅವನ ವಾದ ಹೀಗಿದೆ: ಚೀನಾದಿಂದ ಬಂದ ವಿದ್ಯಾರ್ಥಿ ಜಪಾನಿನಲ್ಲಿ ಬೇಗ ಮುಂದುವರಿಯುವುದು ಅವನಿಗೆ ಆಕಾರವೂ ಅರ್ಥವೂ ಮೊದಲೇ ತಿಳಿದಿರುವುದರಿಂದ; ಆದುದರಿಂದ ಉಳಿದವರೂ ಮೊದಲು ಇವೆರಡನ್ನು ಮುಗಿಸಿ, ಓದಿನ ಉಚ್ಚಾರಣೆಯನ್ನು ಅನಂತರ ಹಿಡಿಯಲಿ. ವ್ಯುತ್ಪತ್ತಿಯ ಸತ್ಯ ಅವನಿಗೆ ಮುಖ್ಯವಲ್ಲ. ಕಲ್ಪನೆ ಗಟ್ಟಿಯಾಗಿದ್ದರೆ ಸಾಕು. ಇದು ರಿಚ್ಚಿಯ ಮಾರ್ಗವೇ ಎಂಬುದು ಸ್ಪಷ್ಟ. ಆಕಾರವನ್ನು ನೆಲೆಗೊಳಿಸುವುದರಲ್ಲಿ ಇದಕ್ಕೆ ಸಮನಾದ ಕ್ರಮವಿಲ್ಲವೆಂದು ಒಪ್ಪಲೇಬೇಕು. ಆದರೆ ಚೀನೀ ವಿದ್ಯಾರ್ಥಿಯ ಉಪಮಾನ ಪೂರ್ತಿ ಹೊಂದುವುದಿಲ್ಲ. ಅವನಿಗೆ ತಿಳಿದಿರುವುದು ಒಂದು ಅಕ್ಷರಕ್ಕೆ ಒಂದು ಇಂಗ್ಲಿಷ್ ಪದವಲ್ಲ. ಆ ಅಕ್ಷರ ಸೇರುವ ನೂರಾರು ಸಮಾಸಗಳು, ಮತ್ತು ಜಪಾನೀ ಓನ್‌ಗೆ ದೂರದ ನೆಂಟತನವುಳ್ಳ ಒಂದು ಉಚ್ಚಾರಣೆ. ಹೈಸಿಗ್ಗನ ಶಿಷ್ಯನು ಎರಡು ಸಾವಿರ ಅಕ್ಷರಗಳನ್ನು ಬರೆಯಬಲ್ಲವನಾಗಿಯೂ ಒಂದು ವಾಕ್ಯವನ್ನು ಬಾಯಿಬಿಟ್ಟು ಓದಲಾರದೆ ನಿಲ್ಲುವ ಪ್ರಸಂಗ ಉಂಟು. ಇನ್ನೊಂದು ವಿಚಿತ್ರ: ಬರೆಹಕ್ಕೆ ಇಷ್ಟು ಪ್ರಾಧಾನ್ಯ ಕೊಟ್ಟ ಈ ಪುಸ್ತಕ ಬಂದ ಮರುವರ್ಷವೇ, ೧೯೭೮ರಲ್ಲಿ, ಜಪಾನೀ ಭಾಷೆಯ ಮೊದಲ ಲೇಖನಯಂತ್ರವು ಪ್ರಕಟವಾಯಿತು. ಉಚ್ಚಾರಣೆಯನ್ನು ಒತ್ತಿದರೆ ಯಂತ್ರವೇ ಅಕ್ಷರವನ್ನು ತೋರಿಸುವುದಾದ ಮೇಲೆ, ಕೈಬರೆಹಕ್ಕಿಂತ ಓದೇ ಮುಖ್ಯವಾಯಿತು.

ಎರಡನೆಯ ಉತ್ತರವನ್ನು ಕೆನೆತ್ ಹೆನ್‌ಷಾಲ್ ೧೯೮೮ರಲ್ಲಿ ಕೊಟ್ಟನು. ಅವನು ೧,೯೪೫ ಅಕ್ಷರಗಳಿಗೂ ವಿದ್ವತ್ಸಮ್ಮತವಾದ ಉತ್ಪತ್ತಿಯನ್ನು ಹೇಳಿ, ಮತಭೇದವಿದ್ದಲ್ಲಿ ಅದನ್ನೂ ಸೂಚಿಸಿ, ಸ್ಮರಣೆಗೆ ಬೇಕಾದ ಕಲ್ಪಿತ ವಾಕ್ಯವನ್ನು ಕೊನೆಯಲ್ಲಿ ಬೇರೆಯಾಗಿ ಇಟ್ಟಿದ್ದಾನೆ. ಚರಿತ್ರೆಯ ಸತ್ಯ ಒಂದು ಕಡೆ, ನೆನಪಿನ ಊರುಗೋಲು ಒಂದು ಕಡೆ. ಓದುವವನಿಗೆ ಇದು ನಿಧಾನದ ದಾರಿಯಾದರೂ ಪ್ರಾಮಾಣಿಕವಾದುದು. ಅಧ್ಯಾಪಕರಾದವರು ಇದನ್ನೇ ಮೆಚ್ಚುವರು.

ಚಿತ್ರ ಮತ್ತು ಕತೆಗಳ ಭರದಲ್ಲಿ ಹಿಂದುಳಿದುದು ಧ್ವನಿ. ಅಕ್ಷರಗಳಲ್ಲಿ ಬಹುಭಾಗವು ಚಿತ್ರಗಳೇ ಅಲ್ಲ. ಒಂದು ಅಂಗ ಅರ್ಥದ ವರ್ಗವನ್ನೂ ಇನ್ನೊಂದು ಅಂಗ ಉಚ್ಚಾರಣೆಯನ್ನೂ ಸೂಚಿಸುವ ಜೋಡಣೆಗಳು. ನೀಲಿಯೆಂಬ ಅಕ್ಷರದ ಓನ್ ‘ಸೆಯಿ’. ಅದಕ್ಕೆ ನೀರಿನ ಅಂಗ ಸೇರಿದರೆ ತಿಳಿಯಾದುದು, ಸೂರ್ಯ ಸೇರಿದರೆ ಬಾನು ತಿಳಿಯಾಗುವುದು, ಅಕ್ಕಿ ಸೇರಿದರೆ ಸಾರ, ಮಾತು ಸೇರಿದರೆ ಬೇಡುವುದು. ಓನ್ ಮಾತ್ರ ಎಲ್ಲಕ್ಕೂ ‘ಸೆಯಿ’ಯೇ. ಒಂದನ್ನು ಕಲಿತರೆ ಐದು ಬಂದಂತಾಯಿತು. ಎಲ್ಲ ಕುಟುಂಬಗಳೂ ಇಷ್ಟು ಒಗ್ಗಟ್ಟಿನವಲ್ಲ: ಕೆಲಸವೆಂಬ ಅಕ್ಷರದ ‘ಕೋ’ ಎಂಬ ಧ್ವನಿಯು ಕೊಲ್ಲಿ, ಕಡುಗೆಂಪು, ಆಕ್ರಮಣ ಎಂಬ ಅಕ್ಷರಗಳಲ್ಲಿ ಉಳಿದು, ಆಕಾಶವೆಂಬುದರಲ್ಲಿ ‘ಕೂ’ ಆಗಿಬಿಡುತ್ತದೆ. ಆದರೂ ಓನ್‌ಗಳನ್ನು ಒಂಟೊಂಟಿಯಾಗಿ ಉರುಹಚ್ಚುವುದಕ್ಕಿಂತ ಇದು ಎಷ್ಟೋ ಮೇಲು. ಜಪಾನೀ ಕೋಶಗಳು ಈ ಧ್ವನಿಗಳನ್ನು ಅ, ಕ, ಸ, ತ, ನ ಎಂಬ ಅನುಕ್ರಮದಲ್ಲಿ ಇಡುತ್ತವೆ. ಸಂಸ್ಕೃತದ ಸಿದ್ಧಮಾತೃಕೆಯನ್ನು ಅಭ್ಯಾಸ ಮಾಡಿದ ಬೌದ್ಧ ಭಿಕ್ಷುಗಳ ವ್ಯಾಸಂಗದ ಫಲ ಅದು. ಕನ್ನಡದ ಕಾಗುಣಿತವನ್ನು ಕಲಿತವನಿಗೆ ಈ ಒಂದು ಮೂಲೆ ಮಾತ್ರ ಪರಿಚಿತವಾಗಿ ಕಂಡೀತು.

ಮರೆವಿನ ಪ್ರಶ್ನೆ ಬೇರೆ. ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸನು ಅರ್ಥವಿಲ್ಲದ ಉಚ್ಚಾರಗಳನ್ನು ಕಂಠಪಾಠ ಮಾಡಿ ತನ್ನ ಮರೆವನ್ನು ತಾನೇ ಅಳೆದು ೧೮೮೫ರಲ್ಲಿ ಪ್ರಕಟಿಸಿದನು. ಹೊಸಬನಿಗೆ ಕಾನ್ಜಿಯೂ ಅಂಥದೇ. ೧೯೭೨ರಲ್ಲಿ ಲೈಟ್ನರನು ಚೀಟಿಗಳನ್ನು ಪೆಟ್ಟಿಗೆಯ ಅರೆಗಳಲ್ಲಿ ಮುಂದೆ ಹಿಂದೆ ಸರಿಸುವ ಉಪಾಯವನ್ನು ಬೋಧಿಸಿದನು. ೨೦೦೬ರಲ್ಲಿ ಹೊರಬಂದ ‘ಅಂಕಿ’ ಎಂಬ ಗಣಕಸಾಧನವು ಅಂತಹ ಲೆಕ್ಕವನ್ನು ತಾನೇ ಮಾಡುತ್ತದೆ. ಕಂಠಪಾಠವೆಂದೇ ಆ ಜಪಾನೀ ಪದದ ಅರ್ಥ. ಇವು ಯಾವಾಗ ಮತ್ತೆ ನೋಡಬೇಕೆಂಬುದನ್ನು ಹೇಳುತ್ತವೆ. ಏನನ್ನು ನೋಡಬೇಕೆಂಬುದನ್ನು ಹೇಳಲಾರವು. ಚೀಟಿಯ ಮೇಲೆ ತಪ್ಪು ಬರೆದಿದ್ದರೆ ತಪ್ಪೇ ಸ್ಥಿರವಾಗುತ್ತದೆ.

ಇನ್ನು ಉಳಿದುದು ಕುನ್. ಇದಕ್ಕೆ ಚಿತ್ರವೂ ಇಲ್ಲ, ಧ್ವನಿಕುಟುಂಬವೂ ಇಲ್ಲ. ಪದವನ್ನು ವಾಕ್ಯದಲ್ಲಿ ಕಂಡೇ ಕಲಿಯಬೇಕು. ಜೀವವೆಂದು ಕಲಿತ ಅಕ್ಷರ ಬಿಯರ್ ಮಾರುವ ಅಂಗಡಿಯ ಹಲಗೆಯ ಮೇಲೆ ಕಂಡಾಗ ಅದು ‘ನಾಮಾ’, ಎಂದರೆ ಕಾಸದ ಹಸಿ ಪಾನೀಯ. ಯಾವ ಕತೆಯೂ ಇದನ್ನು ಊಹಿಸಿಕೊಡದು. ಹಿಂದೆ ಈ ಕಷ್ಟಕ್ಕೆ ಜಪಾನೀ ಮುದ್ರಕರಲ್ಲಿಯೇ ಪರಿಹಾರವಿದ್ದಿತು. ಅಕ್ಷರದ ಪಕ್ಕದಲ್ಲಿ ಉಚ್ಚಾರಣೆಯನ್ನು ಸಣ್ಣ ಅಚ್ಚಿನಲ್ಲಿ ಕೊಡುವ ‘ಫುರಿಗಾನಾ’ ಪತ್ರಿಕೆಗಳಲ್ಲಿಯೂ ಕಾದಂಬರಿಗಳಲ್ಲಿಯೂ ಧಾರಾಳವಾಗಿದ್ದು, ಶಾಲೆಯನ್ನು ಬೇಗ ಬಿಟ್ಟವರಿಗೂ ಓದು ಕಲಿಸುತ್ತಿದ್ದಿತು. ಕಣ್ಣಿಗೆ ಹಿಂಸೆಯಾದ ಈ ಪದ್ಧತಿಯನ್ನು ತೊಡೆಯಬೇಕೆಂದು ಕಾದಂಬರಿಕಾರ ಯಾಮಾಮೊಟೊ ಯೂಜೋ ೧೯೩೮ರಲ್ಲಿ ವಾದಿಸಿದನು. ಕಷ್ಟವಾದ ಅಕ್ಷರಗಳನ್ನೇ ಬಿಟ್ಟರೆ ಇದು ಬೇಡವೆಂಬುದು ಅವನ ಆಶಯ. ೧೯೪೬ರ ಪಟ್ಟಿಯ ಜೊತೆಗಿದ್ದ ಸೂಚನೆಯೂ ಫುರಿಗಾನಾವನ್ನು ಸಾಮಾನ್ಯವಾಗಿ ಬಳಸಬಾರದೆಂದಿತು. ಅಕ್ಷರಗಳ ಸಂಖ್ಯೆಗೆ ಮೇರೆ ಹಾಕಿ ಒಂಟಿ ವಿದ್ಯಾರ್ಥಿಗೆ ಉಪಕಾರ ಮಾಡಿದ ಆ ಶಾಸನವೇ ಅವನ ಮೂಕಗುರುವನ್ನು ದೊಡ್ಡವರ ಪುಸ್ತಕಗಳಿಂದ ಬಹುಮಟ್ಟಿಗೆ ಹೊರಡಿಸಿತು. ಮಕ್ಕಳ ಪುಸ್ತಕಗಳಲ್ಲಿಯೂ ಚಿತ್ರಕಥೆಗಳಲ್ಲಿಯೂ ಮಾತ್ರ ಅದು ಸಮೃದ್ಧವಾಗಿ ಉಳಿದಿದೆ. ಎರಡು ಸಾವಿರ ಅಕ್ಷರಗಳ ಅರ್ಥವನ್ನು ಬಲ್ಲ ವಯಸ್ಕನು ಪುಸ್ತಕದಂಗಡಿಯಲ್ಲಿ ಎಳೆಯರ ಕಪಾಟಿನ ಮುಂದೆ ನಿಲ್ಲುವುದು ಇದಕ್ಕಾಗಿಯೇ.